ಮೀನಖಂಡದ ಲೆಕ್ಕ

ಜೂನ್ 18, 2024

ಮಳೆ ಹಿಡಿದಿದ್ದರಿಂದ ಇವತ್ತು ಫಿಸಿಯೊಥೆರಪಿಗೆ ಜನ ಕಡಿಮೆ. ಪುಟ್ಟಿಯನ್ನು ಕರೆದುಕೊಂಡು ಅಜ್ಜಿ, ತಾಯಿ ಇಬ್ಬರೂ ಬಂದಿದ್ದರು. ಎರಡೂವರೆ ವರ್ಷದ ಕೂಸು, ಏಳು ತಿಂಗಳಿಗೇ ಹುಟ್ಟಿದ್ದು. ಕೈ ಪರವಾಗಿಲ್ಲ, ಮಾತು ಜೋರು, ಎರಡೂ ಕಾಲು ಬಿಗಿ. ಗೋಡೆ ಹಿಡಿದು ತುದಿಗಾಲಲ್ಲಿ ಸರಿಯುತ್ತಾಳೆ. ಸೆರೆಬ್ರಲ್ ಪಾಲ್ಸಿ ಎಂದು ದೊಡ್ಡಾಸ್ಪತ್ರೆಯಲ್ಲಿ ಬರೆದುಕೊಟ್ಟಾಗಿದೆ.

"ದಿನಾ ಎರಡ ಹೊತ್ತು ಎಣ್ಣಿ ಹಚ್ಚಿ ತಿಕ್ಕತೀನ್ರೀ ಮೇಡಂ, ಕಾಲು ಸಡ್ಲಾಗವಲ್ದು," ಅಂದರು ಅಜ್ಜಿ. ದನಿಯಲ್ಲಿ ದೂರಿತ್ತು. ನನ್ನ ಮೇಲಲ್ಲ, ಕಾಲಿನ ಮೇಲೆ.

ಪಾದವನ್ನು ಮೊದಲು ಮೆಲ್ಲಗೆ ಮೇಲಕ್ಕೆ ಒತ್ತಿ ನೋಡಿದೆ, ಆಮೇಲೆ ಒಮ್ಮೆಲೇ. ಒಮ್ಮೆಲೇ ಒತ್ತಿದರೆ ನಡುದಾರಿಯಲ್ಲಿ ಗಪ್ಪನೆ ಹಿಡಿಯುತ್ತದೆ. ಅದು ನರದ ಕೆಲಸ. ಮೆಲ್ಲಗೆ ಒತ್ತಿದಾಗ ಎಲ್ಲಿ ನಿಲ್ಲುತ್ತದೋ ಅದು ಸ್ನಾಯುವಿನದೇ ಗಡಿ. ಪುಟ್ಟಿಯಲ್ಲಿ ಎರಡರ ನಡುವೆ ಇನ್ನೂ ಅಂತರವಿದೆ. ಮೆಲ್ಲಗೆ ತಂದರೆ ಪಾದ ಲಂಬಕೋನ ದಾಟಿ ಹತ್ತು ಡಿಗ್ರಿ ಬರುತ್ತದೆ. ವಯಸ್ಸು ಏರಿದಂತೆ ಈ ಅಂತರ ಕರಗುವುದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಆಮೇಲೆ ಅರಿವಳಿಕೆ ಕೊಟ್ಟು ಮಲಗಿಸಿದರೂ ಪಾದ ಬಗ್ಗುವುದಿಲ್ಲ.

ತಿಕ್ಕುವುದು ಬಿಡಿ ಎನ್ನಲಿಲ್ಲ. ಮಗು ಆ ಹೊತ್ತಿಗೆ ನಗುತ್ತದೆ, ಚೆನ್ನಾಗಿ ನಿದ್ದೆ ಮಾಡುತ್ತದೆ. ಮೀನಖಂಡ ಹಿಡಿದು ನೋಡಿ ಅಂದೆ, ಅಷ್ಟೆ. ಅಜ್ಜಿ ಮೊದಲು ಪುಟ್ಟಿಯದನ್ನು ಹಿಡಿದರು, ಆಮೇಲೆ ಬೆಂಚಿನ ಮೇಲೆ ಕೂತಿದ್ದ ಬೇರೊಂದು ಮಗುವಿನದನ್ನು. "ಇಕೀದು ಭಾಳ ಸಣ್ಣೈತಲ್ಲವ್ವಾ." ನಾನು ಹೇಳಬೇಕೆಂದಿದ್ದನ್ನು ಅವರೇ ಹೇಳಿದರು.

ಜೂನ್ 20, ರಾತ್ರಿ

ನಾವು ಓದುವಾಗ ಪಾಠ ಸರಳವಾಗಿತ್ತು. ಮಿದುಳಿಗೆ ಪೆಟ್ಟು, ಅದರಿಂದ ಬಿಗಿತ, ಬಿಗಿತದಿಂದ ಸ್ನಾಯು ಗಿಡ್ಡ. ಬಿಗಿತ ಇಳಿಸಿದರೆ ಉಳಿದದ್ದು ತಾನೇ ಸರಿಹೋದೀತು ಎಂಬ ನಂಬಿಕೆ. ಆ ಸರಣಿ ಈಗ ಅಷ್ಟು ಗಟ್ಟಿಯಾಗಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎರಡರಿಂದ ಐದು ವರ್ಷದ ಮಕ್ಕಳ ಮೀನಖಂಡವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಒಳಬದಿಯ ಸ್ನಾಯುವಿನ ಗಾತ್ರ ಓರಗೆಯವರದಕ್ಕಿಂತ ಶೇ. 22ರಷ್ಟು ಕಡಿಮೆ. ಎಳೆಗಳ ಉದ್ದದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆ ವಯಸ್ಸಿಗೆ ಸ್ನಾಯು ಬಡಕಲು; ಗಿಡ್ಡವಾಗುವುದು ಆಮೇಲಿನ ಕಥೆ. 2016ರಲ್ಲಿ ಡೆನ್ಮಾರ್ಕಿನವರು ಇನ್ನೂ ಹಿಂದಕ್ಕೆ ಹೋಗಿ ನೋಡಿದರೆ, ಹದಿನೈದು ತಿಂಗಳಿಗೇ ಬೆಳವಣಿಗೆ ಹಿಂದೆ ಬಿದ್ದಿತ್ತು. ಎರಡು ವರ್ಷದ ನಂತರ ಅಲ್ಲಿಂದಲೇ ಬಂದ ಇನ್ನೊಂದು ವರದಿಯ ಪ್ರಕಾರ, ನರದ ಅತಿಯಾದ ಪ್ರತಿಕ್ರಿಯೆ ಶುರುವಾಗುವ ಮೊದಲೇ ಸ್ನಾಯು ಸೊರಗಿರುತ್ತದೆ.

ಯಾಕೆ? ಅಮೆರಿಕದ ರಿಚರ್ಡ್ ಲೀಬರ್ ಅವರ ತಂಡ ಶಸ್ತ್ರಚಿಕಿತ್ಸೆಗೆ ಬಂದ ಮಕ್ಕಳ ತೊಡೆ ಹಿಂಬದಿಯ ಸ್ನಾಯುವಿನ ಚೂರುಗಳನ್ನು ಪರೀಕ್ಷಿಸಿತ್ತು. ಸ್ನಾಯು ಬೆಳೆಯಲು, ರಿಪೇರಿಯಾಗಲು ಬೇಕಾದ ಸ್ಯಾಟಲೈಟ್ ಕೋಶಗಳು ಅವುಗಳಲ್ಲಿ ಓರಗೆಯ ಮಕ್ಕಳದಕ್ಕೆ ಹೋಲಿಸಿದರೆ ಅರ್ಧಕ್ಕೂ ಕಡಿಮೆ. ಸ್ನಾಯು ಉದ್ದವಾಗುವುದೆಂದರೆ ಇದ್ದದ್ದೇ ಹಿಗ್ಗುವುದಲ್ಲ. ಹೂದಂಡೆ ಕಟ್ಟುವವರು ತುದಿಗೆ ಹೂ ಸೇರಿಸುತ್ತಾ ಹೋಗುವ ಹಾಗೆ, ಎಳೆಯ ತುದಿಯಲ್ಲಿ ಸಾರ್ಕೋಮಿಯರ್ ಎಂಬ ಹೊಸ ತುಣುಕುಗಳು ಸೇರಬೇಕು. ಈ ಮಕ್ಕಳಲ್ಲಿ ಮೂಳೆ ಬೆಳೆಯುತ್ತಲೇ ಇರುತ್ತದೆ, ತುಣುಕು ಸೇರುವುದು ಸಾಲುವುದಿಲ್ಲ. ಇದ್ದ ತುಣುಕುಗಳೇ ಅತಿಯಾಗಿ ಹಿಗ್ಗಿ, ಶಕ್ತಿ ಕಳೆದುಕೊಳ್ಳುತ್ತವೆ, ಸುತ್ತಲಿನ ನಾರು ಗಟ್ಟಿಯಾಗುತ್ತದೆ. ಬಿಗಿಯಾಗಿ ಕಾಣುವ ಆ ಕಾಲು ನಿಜಕ್ಕೂ ಬಲಹೀನ.

ನಿದ್ದೆ ಬರುತ್ತಿಲ್ಲ. ಯಜಮಾನರು ಲೈಟು ಆರಿಸು ಅಂತಿದ್ದಾರೆ.

ಜುಲೈ 9

ಪುಟ್ಟಿಗೆ ಪಾದ ಮೇಲಕ್ಕೆ ಹಿಡಿದಿಡುವ ಸ್ಪ್ಲಿಂಟ್ ಬಂತು. ಎಷ್ಟು ಹೊತ್ತು ಹಾಕಬೇಕು ಅಂತ ತಾಯಿ ಕೇಳಿದಳು. ಫ್ರಾನ್ಸಿನ ತಾರ್ದಿಯು ಮತ್ತು ಸಂಗಡಿಗರು 1988ರಲ್ಲಿ ಇದನ್ನೇ ಲೆಕ್ಕ ಹಾಕಿದ್ದರು. ದಿನಕ್ಕೆ ಆರು ತಾಸಾದರೂ ಮೀನಖಂಡ ಹಿಗ್ಗಿದ ಸ್ಥಿತಿಯಲ್ಲಿದ್ದ ಮಕ್ಕಳಲ್ಲಿ ಗಿಡ್ಡವಾಗುವುದು ನಿಂತಿತ್ತು. ಎರಡೇ ತಾಸು ಇದ್ದವರಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಹತ್ತು ಸಲ ಎಳೆದು, ಸಂಜೆ ಹತ್ತು ಸಲ ಎಳೆದು ಚೀಟಿಯಲ್ಲಿ ಟಿಕ್ ಹಾಕಿಕೊಳ್ಳುವ ನಮ್ಮ ಪದ್ಧತಿ ಈ ಲೆಕ್ಕದ ಮುಂದೆ ಎಲ್ಲಿ ನಿಲ್ಲುತ್ತದೆ? "ಆಡುವಾಗ, ನಿಲ್ಲುವಾಗ ಹಾಕು, ಕೆಂಪಾದರೆ ಬಿಚ್ಚು" ಅಂದೆ.

ಬಲ ಬರಬೇಕಾದರೆ ಭಾರ ಬೇಕು. ಬಿಗಿದ ಸ್ನಾಯುವಿಗೆ ಕಸರತ್ತು ಕೊಟ್ಟರೆ ಬಿಗಿತ ಹೆಚ್ಚುತ್ತದೆ ಅನ್ನುವ ಹಳೆಯ ಭಯಕ್ಕೆ ಈಗ ಆಧಾರವಿಲ್ಲ, ಆದರೂ ಹಿರಿಯ ಸಹೋದ್ಯೋಗಿಗಳ ಬಾಯಲ್ಲಿ ಅದು ಇನ್ನೂ ಇದೆ. ಮನೆಯಲ್ಲಿ ಮಣೆ ಇದೆಯಾ ಅಂತ ಕೇಳಿದೆ. ಮಣೆಯ ಮೇಲೆ ಕೂತು ಏಳುವುದು, ಕಟ್ಟೆ ಹತ್ತುವುದು. ಬೇರೆ ಯಂತ್ರ ಬೇಕಿಲ್ಲ.

ಊಟ ಏನು ಅಂತ ಕೇಳಿದರೆ ಅನ್ನ, ತಿಳಿಸಾರು. ಅಗಿಯುವುದು ನಿಧಾನ, ಹಾಗಾಗಿ ಬೇಗ ಇಳಿಯುವುದನ್ನೇ ತಿನ್ನಿಸುತ್ತಾರೆ. ತೂಕ ಹತ್ತು ಕೆಜಿ ಮುಟ್ಟಿಲ್ಲ. ಬೆಳೆಯದ ಸ್ನಾಯುವಿಗೆ ತಿಳಿಸಾರು! ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲವಂತೆ. ಹೆಸರುಕಾಳು ಮೆತ್ತಗೆ ಬೇಯಿಸಿ, ಶೇಂಗಾ ಪುಡಿ ಮೊಸರಲ್ಲಿ ಕಲಸಿ, ಅನ್ನದ ಮೇಲೆ ತುಪ್ಪ. ಅಜ್ಜಿಗೆ ಇದು ಎಣ್ಣೆ ತಿಕ್ಕುವುದಕ್ಕಿಂತ ಹೆಚ್ಚು ಹಿಡಿಸಿತು.

ಆಗಸ್ಟ್ 9, ಪಂಚಮಿ

ರಜೆ. ಉಂಡಿ ಕಟ್ಟುತ್ತಿದ್ದಾಗ ವಾಟ್ಸಾಪಿಗೆ ವಿಡಿಯೊ ಬಂತು. ಬೇವಿನ ಮರಕ್ಕೆ ಜೋಕಾಲಿ. ಹಲಗೆ ಮೇಲೆ ಪುಟ್ಟಿ ನಿಂತಿದ್ದಾಳೆ, ಹಿಂದೆ ಚಿಕ್ಕಮ್ಮ ಸೊಂಟ ಹಿಡಿದಿದ್ದಾಳೆ. ಜೀಕಲು ಮೊಣಕಾಲು ಬಗ್ಗಿಸುತ್ತಾಳೆ, ನೆಟ್ಟಗಾಗುತ್ತಾಳೆ, ಮತ್ತೆ ಬಗ್ಗಿಸುತ್ತಾಳೆ. ನಾನು ಎಷ್ಟು ಪುಸಲಾಯಿಸಿದರೂ ಮಣೆಯಿಂದ ಇಷ್ಟು ಸಲ ಎದ್ದವಳಲ್ಲ. ಹಬ್ಬ ಮುಗಿದ ಮೇಲೂ ಹಗ್ಗ ಬಿಚ್ಚಬೇಡಿ ಅಂತ ಬರೆದು ಕಳಿಸಿದೆ.

ಆಗಸ್ಟ್ 27

ತಂದೆ ಮೊದಲ ಸಲ ಬಂದ. ಫೋನಲ್ಲಿ ನೋಡಿಕೊಂಡು ಬಂದಿದ್ದ: ಬೊಟಾಕ್ಸ್ ಕೊಡಿಸೋಣವಾ, ಇಲ್ಲ ಒಂದೇ ಸಲ ಆಪರೇಷನ್ ಮಾಡಿಸಿಬಿಡೋಣವಾ? ಹೊಲ ಬಿಟ್ಟು ಪ್ರತಿ ಸಲ ಬರಲಾಗದವನ ಪ್ರಶ್ನೆ ಅದು, ಅವಸರದ್ದಲ್ಲ. ಬೊಟಾಕ್ಸ್ ಸುಮಾರು ಮೂರು ತಿಂಗಳು ನರದ ಹಿಡಿತ ಸಡಿಲಿಸುತ್ತದೆ, ಅದಕ್ಕೂ ಜಾಗವಿದೆ. ಆದರೆ ಚುಚ್ಚಿದ ಸ್ನಾಯು ಕೆಲವು ತಿಂಗಳು ಇನ್ನೂ ಸೊರಗುವುದು ಅಳತೆಗಳಲ್ಲಿ ಕಂಡಿದೆ. ಮೊದಲೇ ಬಡಕಲಾದದ್ದಕ್ಕೆ ಯೋಚಿಸಿ ಕೊಡಬೇಕು ಅಂದೆ. ಮೂಳೆ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಮಾತಾಡೋಣ ಎಂದೂ ಹೇಳಿದೆ.

ಇನ್ನು ಆಪರೇಷನ್. ಹಿಮ್ಮಡಿಯ ರಜ್ಜು ಕತ್ತರಿಸುವ ಕಥೆ ಹಳೆಯದು. ಮಕ್ಕಳ ಈ ಬಿಗಿತವನ್ನೂ ಕಷ್ಟದ ಹೆರಿಗೆಯನ್ನೂ 1861ರಲ್ಲಿ ಲಂಡನ್ನಿನಲ್ಲಿ ಜೋಡಿಸಿ ಹೇಳಿದ ವಿಲಿಯಂ ಲಿಟಲ್‌ಗೆ ಸ್ವತಃ ಸೊಟ್ಟಪಾದವಿತ್ತು. 1836ರಲ್ಲಿ ಜರ್ಮನಿಗೆ ಹೋಗಿ ಸ್ಟ್ರೋಮೆಯರ್ ಬಳಿ ರಜ್ಜು ಕತ್ತರಿಸಿಕೊಂಡು ಗುಣವಾಗಿ ಬಂದವರು. ಅವರಿಗೆ ಆ ಕತ್ತಿಯ ಮೇಲೆ ಪ್ರೀತಿ ಇದ್ದದ್ದು ಸಹಜ. ಆದರೆ ರಜ್ಜು ಉದ್ದವಾದರೆ ಸ್ನಾಯು ಉದ್ದವಾದಂತಲ್ಲ. ಪಾದ ನೆಲಕ್ಕೆ ತಾಗುತ್ತದೆ, ಮೇಲಿನ ಮಾಂಸ ಇನ್ನಷ್ಟು ಮೇಲಕ್ಕೆ ಮುದುಡುತ್ತದೆ. ಚಿಕ್ಕ ವಯಸ್ಸಲ್ಲಿ ಅತಿಯಾಗಿ ಉದ್ದ ಮಾಡಿಸಿಕೊಂಡು, ದೊಡ್ಡವರಾದ ಮೇಲೆ ಮೊಣಕಾಲು ಮಡಚಿಯೇ ನಡೆಯುವವರನ್ನು ನೋಡಿದ್ದೇನೆ. ಪುಟ್ಟಿಗೆ ಆ ದಿನ ಬಂದರೂ ಬರಲಿ, ತಡವಾಗಿ ಬರಲಿ.

ಅಕ್ಟೋಬರ್ 22

ಜೂನಿನಿಂದ ಪುಟ್ಟಿ ಎರಡೂವರೆ ಸೆಂ.ಮೀ. ಎತ್ತರವಾಗಿದ್ದಾಳೆ. ತೂಕವೂ ಹತ್ತು ದಾಟಿದೆ. ಸ್ಪ್ಲಿಂಟ್ ಕಚ್ಚುತ್ತಿದೆ. ತಾಯಿಗೆ ಸಂತೋಷ, ನನಗೆ ಅರ್ಧ ಮಾತ್ರ, ಯಾಕೆಂದರೆ ಪಾದ ಈಗ ಲಂಬಕೋನದಿಂದ ಐದೇ ಡಿಗ್ರಿ ಮೇಲೆ ಬರುತ್ತದೆ. ಮೂಳೆ ಮುಂದೆ ಹೋಯಿತು. ಮೀನಖಂಡದ ಸುತ್ತಳತೆ ಅರ್ಧ ಸೆಂ.ಮೀ. ಹೆಚ್ಚಿದೆ, ಅದರಲ್ಲಿ ಅಜ್ಜಿಯ ತುಪ್ಪ ಎಷ್ಟು, ಸ್ನಾಯು ಎಷ್ಟು ಅಂತ ಟೇಪು ಹೇಳುವುದಿಲ್ಲ.

ಪ್ಲಾಸ್ಟರ್ ಹಾಕಿ ವಾರಕ್ಕೊಮ್ಮೆ ಬದಲಿಸುತ್ತಾ ಸ್ವಲ್ಪಸ್ವಲ್ಪ ಕೋನ ಗಳಿಸಬಹುದು. ಡಾಕ್ಟರೂ ಅದಕ್ಕೇ ಒಪ್ಪಿದರು. ಇಲ್ಲೂ ಇಕ್ಕಟ್ಟಿದೆ: ಅಲುಗಾಡದ ಕಾಲು ಇನ್ನೂ ತೆಳ್ಳಗಾಗುತ್ತದೆ. ಹಾಗಾಗಿ ಎರಡೇ ಕಟ್ಟು ಸಾಕು, ಕಟ್ಟಿನಲ್ಲೇ ನಿಲ್ಲಿಸಿ ನಡೆಸಬೇಕು ಅಂತ ನನ್ನ ವಾದ. ತಂದೆ ಈಗ ಬೇಡ ಅಂದ. ದೀಪಾವಳಿ, ನೀರು ತುಂಬುವ ಹಬ್ಬ, ಎಣ್ಣೆಸ್ನಾನ, ಮನೆ ತುಂಬ ಜನ. "ಹಬ್ಬದಾಗ ಕೂಸಿನ ಕಾಲಿಗೆ ಕಟ್ಟು ಅಂದ್ರ ಅವ್ವ ಸುಮ್ಕಿರೂದಿಲ್ರೀ." ನಾನು ನಾಳೆಯೇ ಅಂದೆ, ಅವನು ತಿಂಗಳು ಕಳೀಲಿ ಅಂದ. ಕೊನೆಗೆ ನವೆಂಬರ್ 4ಕ್ಕೆ ಒಪ್ಪಿಗೆಯಾಯಿತು. ಬಿಚ್ಚಿದ ಮೇಲೆ ಹೊಸ ಸ್ಪ್ಲಿಂಟಿಗೆ ಅಳತೆ, ಮಣೆ ಇನ್ನೊಂದು ಬೆರಳು ಗಿಡ್ಡದ್ದು.