ಬಾವುಟಗುಡ್ಡೆಯ ವಿದ್ಯಾಮಂದಿರ

ಕಳೆದ ಜೂನ್ ತಿಂಗಳಲ್ಲಿ, ಮಳೆಗಾಲವು ಆಗತಾನೆ ಹಿಡಿದಿದ್ದ ಒಂದು ಬೆಳಗ್ಗೆ, ಮೊಮ್ಮಗಳನ್ನು ಕಾಲೇಜಿಗೆ ಸೇರಿಸುವ ಸಲುವಾಗಿ ನಾವು ಮಂಗಳೂರಿನ ಬಾವುಟಗುಡ್ಡೆಯನ್ನು ಏರಿದೆವು. ಆ ಗುಡ್ಡದ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನಲ್ಲಿ ನಾವೂ ಐವತ್ತು ವರ್ಷಗಳಿಗೆ ಹಿಂದೆ ನಾಲ್ಕು ವರ್ಷ ಓದಿದವರು. ಈಗ ಅದು ಬರಿಯ ಕಾಲೇಜಲ್ಲ. 2024ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯಕ್ಕೆ ಸಮಾನವೆಂಬ ಮನ್ನಣೆಯು ದೊರೆತಿದೆ. ಹೆಸರು ದೊಡ್ಡದಾದರೂ ಏರು ಮಾತ್ರ ಮೊದಲಿನಷ್ಟೇ ಕಡಿದಾಗಿದೆ; ಇದಕ್ಕೆ ನಮ್ಮ ಮೊಣಕಾಲುಗಳೇ ಸಾಕ್ಷಿ.

ಅರ್ಧ ಏರಿದಾಗ ಹುಡುಗಿಯು ನಿಂತು, “ಅಜ್ಜ, ನಮ್ಮ ಮನೆಯಿಂದ ಇಲ್ಲಿಗೆ ಮೊದಲು ಬಂದವರು ನೀವೇ ಅಲ್ಲವೇ?” ಎಂದು ಕೇಳಿದಳು. ಹೌದೆಂದೆವು. ಆದರೆ ಹಾಗೆಂದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೊದಲು ಬರಬೇಕಾಗಿದ್ದವರು ನಾವಲ್ಲ, ನಮ್ಮ ದೊಡ್ಡಪ್ಪ.

ದೊಡ್ಡಪ್ಪನು ಓದಿನಲ್ಲಿ ಬಹಳ ಚುರುಕು. ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಒಳ್ಳೆಯ ಗುಣಗಳಿಂದ ತೇರ್ಗಡೆಯಾದಾಗ, ಇವನನ್ನು ಗುಡ್ಡದ ಕಾಲೇಜಿಗೆ ಕಳುಹಿಸಿರೆಂದು ಉಪಾಧ್ಯಾಯರೇ ಮನೆಯವರೆಗೆ ಬಂದು ಹೇಳಿದ್ದರಂತೆ. ನಮ್ಮ ಅಜ್ಜನು ಅವರಿಗೆ ಹಾಲು, ಬೆಲ್ಲ, ಬಾಳೆಹಣ್ಣು ಕೊಟ್ಟು ಉಪಚರಿಸಿ, “ಪಾದ್ರಿಗಳ ಕೈಗೆ ಮಗನನ್ನು ಕೊಡುವುದಿಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದನು. ಮುಂದಿನ ವಾರವೇ ದೊಡ್ಡಪ್ಪನು ರಥಬೀದಿಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕುಳಿತನು. ಅಂಗಡಿಯ ಅಟ್ಟದಲ್ಲಿ ಒಂದು ಕಿಟಕಿಯಿತ್ತು. ಅದರಿಂದ ಗುಡ್ಡವು ಕಾಣಿಸುತ್ತಿತ್ತು. ನಲವತ್ತು ವರ್ಷ ಆತನು ಆ ಕಿಟಕಿಯ ಬಳಿಯಲ್ಲಿಯೇ ಲೆಕ್ಕ ಬರೆದನು.

ಅಜ್ಜನ ಭಯವು ಬರಿಯ ಮೂಢತನವೆಂದು ಹೇಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. 1844ರಲ್ಲಿ ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಶಾಲೆಯಲ್ಲಿ ಓದುತ್ತಿದ್ದ ಮೂವರು ಸಾರಸ್ವತ ತರುಣರು ಕ್ರೈಸ್ತ ಮತವನ್ನು ಸೇರಿದ್ದರು. ಆಗ ಊರಿನಲ್ಲೆದ್ದ ಗದ್ದಲದ ಕಥೆಯು ತಲೆಮಾರಿನಿಂದ ತಲೆಮಾರಿಗೆ ಮನೆಮನೆಗಳಲ್ಲಿ ಉಳಿದುಬಂದಿತ್ತು. ಆ ಮಿಶನ್ನಿನವರು ಪ್ರಾಟೆಸ್ಟಂಟರು, ಗುಡ್ಡದವರು ಕಥೋಲಿಕರು, ಇವರಿಬ್ಬರೂ ಬೇರೆ ಬೇರೆ ಎಂಬ ಸೂಕ್ಷ್ಮವು ಅಜ್ಜನಿಗೆ ಬೇಕಾಗಿರಲಿಲ್ಲ. ನಿಲುವಂಗಿಯನ್ನು ತೊಟ್ಟವರೆಲ್ಲರೂ ಆತನಿಗೆ ಒಂದೇ.

ಗುಡ್ಡದವರು ಬಂದ ಬಗೆಯೇ ಬೇರೆ. ಮಂಗಳೂರಿನ ಕಥೋಲಿಕರಿಗೆ ತಮ್ಮ ಮಕ್ಕಳಿಗೆ ಉನ್ನತ ವಿದ್ಯೆಯನ್ನು ಕೊಡುವ ಸ್ವಂತ ಸಂಸ್ಥೆಯೊಂದು ಬೇಕಾಗಿತ್ತು. ಅವರ ಬೇಡಿಕೆಯು ರೋಮಿನವರೆಗೆ ಹೋಗಿ, ಹದಿಮೂರನೆಯ ಲಿಯೋ ಪೋಪರು 1878ರಲ್ಲಿ ಈ ಸೀಮೆಯನ್ನು ಯೇಸುಸಭೆಯವರಿಗೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಅವರ ಮೊದಲ ತಂಡವು ಮಂಗಳೂರನ್ನು ಮುಟ್ಟಿತು. ಒಂದು ವರ್ಷ ಕಳೆದ ಕೆಲವೇ ದಿನಗಳಲ್ಲಿ, 1880ರ ಜನವರಿ 12ರಂದು, ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಸುಮಾರು 150 ವಿದ್ಯಾರ್ಥಿಗಳಿಂದ ಕಾಲೇಜು ಆರಂಭವಾಯಿತು. ಗುಡ್ಡದ ಮೇಲಣ ಭೂಮಿಯನ್ನು ದಾನವಾಗಿ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭುಗಳು. ಲೋಬೊ ಎಂಬುದರ ಬೆನ್ನಿಗೇ ಪ್ರಭು ಎಂಬುದನ್ನು ಇರಿಸಿಕೊಂಡ ಈ ಹೆಸರನ್ನು ಓದುಗರು ಗಮನಿಸಬೇಕು. ಮತವು ಬದಲಾದರೂ ಮನೆತನವನ್ನು ಮರೆಯದವರು ನಮ್ಮ ಕರಾವಳಿಯ ಕ್ರೈಸ್ತರು. 1885ರಲ್ಲಿ ಕಾಲೇಜು ಗುಡ್ಡವನ್ನು ಸೇರಿತು. ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಪರೀಕ್ಷೆಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯದವು.

ಆ ಮೊದಲ ಪಾದ್ರಿಗಳಲ್ಲಿ ಇಬ್ಬರ ವಿಷಯವನ್ನು ಹೇಳದಿರಲಾರೆವು. ಒಬ್ಬರು ಇಟಲಿ ದೇಶದ ಆಂಜೆಲೊ ಮಾಫೆಯಿ. ಅವರು ಇಲ್ಲಿಗೆ ಬಂದು ನಾಲ್ಕೈದು ವರ್ಷಗಳಲ್ಲಿಯೇ ಕೊಂಕಣಿ ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ಬರೆದರು. ಕಥೋಲಿಕ ಪಾದ್ರಿಯ ಆ ಗ್ರಂಥಗಳು ಅಚ್ಚಾದದ್ದು ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಆ ಮಿಶನ್ನಿನವರಿಂದಲೇ. ಇನ್ನೊಬ್ಬರು ಜರ್ಮನಿಯ ಅಗಸ್ಟಸ್ ಮುಲ್ಲರ್. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನ ವೇಳೆಯಲ್ಲಿ ಹೋಮಿಯೋಪತಿಯ ಗುಳಿಗೆಗಳನ್ನು ಹಂಚುತ್ತಿದ್ದರು. ಗುಳಿಗೆಗಾಗಿ ಬರುವ ಬಡವರು ಹೆಚ್ಚುತ್ತ ಹೋದಂತೆ ಪಾಠವು ಹಿಂದಕ್ಕೆ ಬಿದ್ದಿತು. ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗಿಗಳಿಗಾಗಿಯೂ, 1902ರಲ್ಲಿ ಪ್ಲೇಗು ಹಿಡಿದವರಿಗಾಗಿಯೂ ಅವರು ಆಸ್ಪತ್ರೆಗಳನ್ನು ತೆರೆದರು. 1910ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯು ಈಗ ಎಷ್ಟು ದೊಡ್ಡದೆಂಬುದನ್ನು ಆ ದಾರಿಯಲ್ಲಿ ಹೋದವರೆಲ್ಲರೂ ಬಲ್ಲರು.

ನಮ್ಮ ಕಾಲದ ಕಾಲೇಜು ಜೀವನವನ್ನು ಕುರಿತು ಮೊಮ್ಮಗಳಿಗೆ ಹೇಳಿದಾಗ ಆಕೆಗೆ ಅರ್ಧವೂ ನಂಬಿಕೆಯಾಗಲಿಲ್ಲ. ಗಂಟೆಯಾದ ಮೇಲೆ ಮೊಗಸಾಲೆಯಲ್ಲಿ ಓಡುವಂತಿರಲಿಲ್ಲ. ತರಗತಿಯಲ್ಲಿ ಹುಡುಗಿಯರಿರಲಿಲ್ಲ, ನಮ್ಮ ತಂಗಿಯು ಓದಿದ್ದು ಬೆಂದೂರಿನ ಸಂತ ಆಗ್ನೆಸ್ ಕಾಲೇಜಿನಲ್ಲಿ, 1921ರಲ್ಲಿ ಕನ್ಯಾಸ್ತ್ರೀಯರು ಸ್ಥಾಪಿಸಿದ್ದು ಅದು. ಕ್ರೈಸ್ತ ಹುಡುಗರು ಧರ್ಮಪಾಠಕ್ಕೆ ಹೋದಾಗ ನಮಗೆ ನೀತಿಪಾಠ. ಅದನ್ನು ಹೇಳುತ್ತಿದ್ದ ಮುದಿ ಪಾದ್ರಿಯವರಿಗೆ ನಿದ್ದೆ ಬೇಗ ಬರುತ್ತಿತ್ತಾದುದರಿಂದ ನಮ್ಮ ನೀತಿಯು ಅಷ್ಟಕ್ಕಷ್ಟೇ. ನಾಲ್ಕು ವರ್ಷಗಳಲ್ಲಿ ನಮ್ಮ ದೇವರನ್ನು ಬಿಡೆಂದು ಯಾರೂ ಹೇಳಲಿಲ್ಲ. ಇದು ನಮ್ಮ ಅನುಭವ. ಇತರರ ಅನುಭವಕ್ಕೆ ನಾವು ಜಾಮೀನು ನಿಲ್ಲಲಾರೆವು.

ಆಗ ದೊಡ್ಡಪ್ಪನು ನಮ್ಮೊಡನೆಯೇ ಇದ್ದನು. ಸಂಜೆ ಅಂಗಡಿಯಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತೊಡನೆ, “ಇವತ್ತು ಏನು ಪಾಠ ಹೇಳಿದರು?” ಎಂದು ಕೇಳದ ದಿನವಿಲ್ಲ. ನಾವು ಕೆಲವೊಮ್ಮೆ ಬೇಸರದಿಂದ ಎರಡು ಮಾತಿನಲ್ಲಿ ತೀರಿಸಿಬಿಡುತ್ತಿದ್ದೆವು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಆತನು ಅಜ್ಜನನ್ನು ಒಂದು ದಿನವೂ ದೂರಿದವನಲ್ಲ. ಆದರೆ ಗುಡ್ಡವನ್ನು ಮಾತ್ರ ಏರಿರಲಿಲ್ಲ.

ನಮಗೆ ಬಿ.ಎ. ಆದ ವರ್ಷ, ಬಹಳ ಬಲವಂತಪಡಿಸಿ ಆತನನ್ನು ಮೇಲಕ್ಕೆ ಕರೆದುಕೊಂಡು ಹೋದೆವು. ಮೋಟಾರೂ ತಿಮಿಂಗಿಲದ ಎಲುಬುಗಳೂ ಇರುವ, 1913ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವನ್ನು ಮೊದಲು ತೋರಿಸಿದೆವು. ಆತನು ಸುಮ್ಮನೆ ತಲೆಯಲ್ಲಾಡಿಸಿದನು. ಬಳಿಕ ಪ್ರಾರ್ಥನಾಮಂದಿರ.

ಆ ಮಂದಿರವನ್ನು ನೋಡದವರಿಗೆ ಎರಡು ಮಾತು. ಅಲ್ಲಿ ಗೋಡೆಯೆಂಬುದು ಕಾಣಿಸುವುದಿಲ್ಲ, ಕಾಣಿಸುವುದೆಲ್ಲ ಚಿತ್ರವೇ. ಕಮಾನುಗಳ ಮೇಲೆ ಹೂವಿನ ತೋರಣಗಳು, ಅವುಗಳ ಮೇಲೆ ಅಪೊಸ್ತಲರು, ಸಂತರು. ಇದಿಷ್ಟನ್ನೂ ಮಾಡಿದವನು ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರನು. ಇಟಲಿಯ ಬೆರ್ಗಾಮೊ ಪಟ್ಟಣದ ಸಮೀಪದಲ್ಲಿ 1854ರಲ್ಲಿ ಹುಟ್ಟಿದ ಈತನು 1899ರಲ್ಲಿ ಮಂಗಳೂರಿಗೆ ಬಂದು, ಸುಮಾರು ಎರಡು ವರ್ಷ ಅಟ್ಟಣೆಯ ಮೇಲೆಯೇ ದುಡಿದನು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಗಾರೆಯು ಆರುವುದರೊಳಗೆ ಬಣ್ಣವು ಕೂತುಬಿಡಬೇಕು. ತಪ್ಪಿದರೆ ಕೆರೆದು ತೆಗೆದು ಮತ್ತೆ ಗಾರೆ ಮೆತ್ತಬೇಕು. ಛಾವಣಿಯವು ಬಟ್ಟೆಯ ಮೇಲೆ ಎಣ್ಣೆಯ ಬಣ್ಣದಲ್ಲಿ ಬರೆದವು. ಮೊಸ್ಕೇನಿಯು ಊರಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು.

ಛಾವಣಿಯಲ್ಲಿರುವುದು ಕಾಲೇಜಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಸಾಗನ ಕಥೆ. 1568ರಲ್ಲಿ ಹುಟ್ಟಿದ ಈ ಹುಡುಗನು ಇಟಲಿಯ ಒಂದು ಸಣ್ಣ ಸಂಸ್ಥಾನಿಕನ ಹಿರಿಯ ಮಗ. ರಾಜ್ಯದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆಯನ್ನು ಸೇರಿದನು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕವು ಹಬ್ಬಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ಅದೇ ರೋಗವು ತಗಲಿ ಜೂನ್ 21ರಂದು ಸತ್ತನು.

ದೊಡ್ಡಪ್ಪನು ರೋಗಿಗಳ ಶುಶ್ರೂಷೆಯ ಚಿತ್ರದ ಕೆಳಗೆ ಬಹಳ ಹೊತ್ತು ಕತ್ತೆತ್ತಿ ನಿಂತನು.

“ಈ ಹುಡುಗನಿಗೆ ಆಗ ಎಷ್ಟು ಪ್ರಾಯ?”

“ಇಪ್ಪತ್ತಮೂರು.”

“ಇವನು ಪಾದ್ರಿಗಳನ್ನು ಸೇರುತ್ತೇನೆಂದಾಗ ತಂದೆ ಒಪ್ಪಿದನೋ?”

ಚರಿತ್ರೆಯಲ್ಲಿ ಓದಿದ್ದುದನ್ನು ಹೇಳಿದೆವು: ಮೊದಲು ಖಂಡಿತವಾಗಿ ಒಪ್ಪಲಿಲ್ಲ, ಬೈದನು, ಬೇರೆ ಬೇರೆ ಊರುಗಳಿಗೆ ಕಳುಹಿಸಿ ಮನಸ್ಸು ತಿರುಗಿಸಲು ನೋಡಿದನು, ಕಡೆಗೆ ಒಪ್ಪಿದನು.

“ಒಪ್ಪಿದನಲ್ಲ,” ಎಂದು ದೊಡ್ಡಪ್ಪನು ಹೆಗಲ ಮೇಲಣ ಬೈರಾಸದಿಂದ ಮುಖವನ್ನು ಒರೆಸಿಕೊಂಡನು. ಸೆಕೆಯೂ ಇತ್ತೆನ್ನಿ. ಮನೆಗೆ ಬರುವವರೆಗೆ ಬೇರೆ ಮಾತಿಲ್ಲ. ಮರುದಿನ ಎಂದಿನಂತೆ ಅಂಗಡಿಗೆ ಹೋದನು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದ್ದು ಮಂದಿರದ ಒಂದು ಬೆಂಚಿನ ಮೇಲೆ ಕುಳಿತು. ಈ ಚಿತ್ರಗಳು ಕರಾವಳಿಯ ತೇವಕ್ಕೆ ಕೆಡುತ್ತ ಬಂದಿದ್ದುವು. 1990ರ ದಶಕದಲ್ಲಿ ತಜ್ಞರು ಕೂತು ಅವನ್ನು ಸರಿಪಡಿಸಿದ್ದಾರೆ. ಆದುದರಿಂದ ಹುಡುಗಿಗೆ ಕಂಡ ಬಣ್ಣಗಳು ನಾವು ಓದುವ ಕಾಲದಲ್ಲಿ ಕಂಡುದಕ್ಕಿಂತಲೂ ಸೊಗಸು. ಆಕೆಯು ಮೇಲೆ ನೋಡುತ್ತಲೇ ಇದ್ದಳು. ಪ್ರವೇಶದ ಕಾಗದಪತ್ರಗಳ ಕೆಲಸವು ಅದಕ್ಕಿಂತ ಮೊದಲೇ ಮುಗಿದಿತ್ತು. ಅರ್ಜಿಯೆಲ್ಲ ಮೊಬೈಲಿನಲ್ಲಿಯೇ ಆಗಿಹೋಗಿ, ನಮ್ಮಿಂದ ಬೇಕಾದದ್ದು ಒಂದು ಸಹಿ ಮಾತ್ರ.

ಇಳಿಯುವಾಗ ಮಳೆ ಬಲವಾಯಿತು. ರಥಬೀದಿಗೆ ಹೋಗಬೇಕೆಂದು ಆಕೆಯೇ ಹಟ ಹಿಡಿದಳು. ಜವಳಿ ಅಂಗಡಿಯು ಎಂದೋ ಮುಚ್ಚಿದೆ. ಆ ಕಟ್ಟಡದಲ್ಲಿ ಈಗ ಪಾತ್ರೆಯ ವ್ಯಾಪಾರ. ಯಜಮಾನನು ಸಜ್ಜನ, ವಿಷಯವನ್ನು ಕೇಳಿ ಅಟ್ಟಕ್ಕೆ ಹತ್ತಲು ಬಿಟ್ಟನು. ಕಿಟಕಿಯು ಹಾಗೆಯೇ ಇದೆ, ಮರದ ಸರಳುಗಳು ಕೂಡ. ಹುಡುಗಿಯು ಸರಳಿಗೆ ಮುಖವಿಟ್ಟು, “ಗುಡ್ಡ ಎಲ್ಲಿ, ಅಜ್ಜ?” ಎಂದು ಕೇಳಿದಳು. ನಾವೂ ಬಗ್ಗಿ ನೋಡಿದೆವು. ಎದುರಿಗೆ ಹೊಸದಾಗಿ ಎದ್ದ ಆರು ಉಪ್ಪರಿಗೆಯ ಮನೆಯೊಂದರ ಹಿಂಗೋಡೆ, ಅದರ ಮೇಲಿನಿಂದ ಸುರಿಯುತ್ತಿದ್ದ ನೀರು. ಗುಡ್ಡವು ಯಾವ ಕಡೆಗಿತ್ತೆಂದು ಕೈಯಿಂದ ತೋರಿಸಿದೆವು.