ಹಿಮಾಲಯ ದಾಟಿ ಮಾಗಡಿ ಕೆರೆಗೆ

ಗದಗ ತಾಲ್ಲೂಕಿನ ಹೊಂಬಳದ ಸುತ್ತಣ ನೆಲ ಬೆಳವಲದ ಅಪ್ಪಟ ಎರೆಭೂಮಿ. ಹಿಂಗಾರಿನ ಜೋಳ, ಕಡಲೆ, ಕುಸುಬೆಗಳು ಹಬ್ಬಿ ನಿಂತ ಈ ಬಯಲಿನಲ್ಲಿ ನೆಲಕ್ಕಿಂತ ಆಕಾಶವೇ ಹಿರಿದಾಗಿ ತೋರುತ್ತದೆ. ಮಳೆಗಾಲದಲ್ಲಿ ಈ ಆಕಾಶವನ್ನು ಒಕ್ಕಲಿಗನು ಮೋಡಕ್ಕಾಗಿ ನೋಡುತ್ತಾನೆ. ಚಳಿಗಾಲದಲ್ಲಿಯೂ ತಲೆಯೆತ್ತಿ ನೋಡತಕ್ಕ ಒಂದು ಸಂಗತಿ ಈ ಜಿಲ್ಲೆಯಲ್ಲಿ ಉಂಟೆಂಬುದು ಪಟ್ಟಣವಾಸಿಗಳಲ್ಲಿ ಹಲವರಿಗೆ ತಿಳಿಯದು. ಪ್ರಪಂಚದ ಅತ್ಯುನ್ನತ ಪರ್ವತಸಾಲನ್ನು ರೆಕ್ಕೆ ಬಡಿಯುತ್ತಲೇ ದಾಟಿದ ಹಕ್ಕಿಗಳು ಇಲ್ಲಿಗೆ ಬಂದಿಳಿಯುತ್ತವೆ.

ಅವುಗಳನ್ನು ಕಾಣಬೇಕಾದರೆ ಹೊಂಬಳದಿಂದ ಗದಗಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ಹೋಗಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಎಂಬ ಊರು ಸಿಗುತ್ತದೆ. ಇದು ಕೆಂಪೇಗೌಡರ ಮಾಗಡಿಯಲ್ಲ. ಲಕ್ಷ್ಮೇಶ್ವರದ ನೆರೆಯ ಮಾಗಡಿ. ಆ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಆದಿಕವಿ ಪಂಪನು ತನ್ನ ಕಾವ್ಯಭಾಷೆಗೆ ಆದರ್ಶವೆಂದು ಹೇಳಿಕೊಂಡದ್ದು ಅಲ್ಲಿಯ ಕನ್ನಡವನ್ನೇ. ಮಾಗಡಿಯ ಕೆರೆ ದೇವರು ಕೊಟ್ಟ ಸರೋವರವಲ್ಲ. ಮಳೆಯ ನೀರನ್ನು ಹಿಡಿದು ಹೊಲಕ್ಕೆ ಉಣಿಸಲು ಮನುಷ್ಯರು ಕಟ್ಟಿದ್ದು. ವಿಸ್ತಾರ ಸುಮಾರು 50 ಹೆಕ್ಟೇರು. ಇಷ್ಟು ಚಿಕ್ಕ ಕೆರೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ 130 ವಲಸೆಯವು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಮೇರೆಗೆ ಜಗತ್ತಿನ ಮಹತ್ವದ ಜಲಭೂಮಿಗಳ ಪಟ್ಟಿಯೊಂದಿದೆಯಷ್ಟೆ. 2024ರಲ್ಲಿ ಮಾಗಡಿ ಕೆರೆಯ ಹೆಸರೂ ಅದರಲ್ಲಿ ಸೇರಿತು.

ನಸುಕಿನಲ್ಲಿ ಕೆರೆಯ ಏರಿಯ ಮೇಲೆ ನಿಂತರೆ ಮೊದಲು ಕಿವಿಗೆ ಬೀಳುವುದು ಸದ್ದು. ಮೂಗಿನಿಂದ ಹೊರಟಂತಹ ‘ಆಂಗ್, ಆಂಗ್’ ಎಂಬ ಕೂಗು ದೂರದಿಂದ ತೇಲಿ ಬರುತ್ತದೆ. ಬಳಿಕ ಬೆಳಗಿನ ಬೂದು ಬಣ್ಣದಲ್ಲಿ ಓರೆಗೆರೆಗಳು ಮೂಡುತ್ತವೆ, ಗೆರೆಗಳು ಹಕ್ಕಿಗಳಾಗುತ್ತವೆ. ರಾತ್ರಿಯೆಲ್ಲ ಹೊಲಗಳಲ್ಲಿ ಮೇದು ಹಗಲಿನ ವಿಶ್ರಾಂತಿಗೆ ನೀರಿಗೆ ಮರಳುವ ಪಟ್ಟೆತಲೆಯ ಹೆಬ್ಬಾತುಗಳು ಇವು. ಬೂದು ಮೈ, ಹಳದಿ ಕೊಕ್ಕು, ಬೆಳ್ಳನೆಯ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ. ತೂಕ ಎರಡರಿಂದ ಮೂರು ಕಿಲೋ. ನೀರಿನ ಮೇಲೆ ಕುಳಿತಾಗ ಮನೆಯ ಬಾತಿಗಿಂತ ತುಸು ಘನತೆಯುಳ್ಳ ಸಾಧುಪ್ರಾಣಿ, ಅಷ್ಟೆ. ಇದು ಮಾಡಿ ಬಂದ ಪಯಣವನ್ನು ಅದರ ಮುಖ ಹೇಳುವುದಿಲ್ಲ.

ಈ ಹಕ್ಕಿಗಳ ತವರು ಮಂಗೋಲಿಯಾ, ಟಿಬೆಟ್ಟಿನ ಪ್ರಸ್ಥಭೂಮಿ ಮತ್ತು ನಮ್ಮ ಲಡಾಖಿನ ಸರೋವರಗಳು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡದ್ದುಂಟು. ಅಲ್ಲಿಂದ ಇಲ್ಲಿಗೆ ಬರುವ ದಾರಿಗೆ ಅಡ್ಡಲಾಗಿ ಹಿಮಾಲಯ ಮಲಗಿದೆ. ಸಮುದ್ರಮಟ್ಟದಿಂದ 5,500 ಮೀಟರು ಏರಿದರೆ ಗಾಳಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಎವರೆಸ್ಟಿನ ತುದಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ. ಉಸಿರಿಗೆ ಪ್ರಾಣವಾಯು ಸಾಲದು ಎಂಬುದು ಒಂದು ಕಷ್ಟ. ರೆಕ್ಕೆಗೆ ಆಧಾರವಾಗಬೇಕಾದ ಗಾಳಿಯೇ ತೆಳುವಾದ್ದರಿಂದ ಇನ್ನೂ ಬಲವಾಗಿ ಬಡಿಯಬೇಕು ಎಂಬುದು ಇನ್ನೊಂದು ಕಷ್ಟ. ದುಡಿತ ಹೆಚ್ಚು, ಕೂಲಿ ಕಡಿಮೆ!

ಅತಿ ಎತ್ತರದಲ್ಲಿ ಸಿಕ್ಕ ಹಕ್ಕಿಯೆಂಬ ದಾಖಲೆ ಆಫ್ರಿಕದ ಒಂದು ರಣಹದ್ದಿಗೆ ಸಲ್ಲುತ್ತದೆ. 1973ರ ನವೆಂಬರ್ 29ರಂದು ಐವರಿ ಕೋಸ್ಟಿನ ಅಬಿಜಾನ್ ನಗರದ ಮೇಲೆ, ಸುಮಾರು 11,300 ಮೀಟರು ಎತ್ತರದಲ್ಲಿ, ಅದು ವಿಮಾನಕ್ಕೆ ಬಡಿದು ಸತ್ತಿತು. ಆದರೆ ರಣಹದ್ದು ಬಿಸಿಗಾಳಿಯ ಸುಳಿಯನ್ನೇರಿ, ರೆಕ್ಕೆ ಚಾಚಿ ತೇಲುವ ಹಕ್ಕಿ. ಹೆಬ್ಬಾತಿಗೆ ಆ ಭಾಗ್ಯವಿಲ್ಲ. ಅದು ಪ್ರತಿಯೊಂದು ಮೀಟರನ್ನೂ ರೆಕ್ಕೆ ಬಡಿದೇ ಗಳಿಸಬೇಕು.

ಹಾಗಾದರೆ ಇದು ಸಾಧ್ಯವಾಗುವುದು ಹೇಗೆ? ಮೊದಲನೆಯ ಉತ್ತರ ಎಲ್ಲ ಹಕ್ಕಿಗಳಿಗೂ ಒಲಿದ ಶ್ವಾಸಕೋಶ. ನಮ್ಮಲ್ಲಿ ಗಾಳಿ ಬಂದ ದಾರಿಯಲ್ಲೇ ಹಿಂತಿರುಗಬೇಕು. ಹೊಸದು ಹಳೆಯದರೊಡನೆ ಬೆರೆಯುತ್ತದೆ. ಹಕ್ಕಿಯ ಮೈಯಲ್ಲಿ ಗಾಳಿಚೀಲಗಳಿವೆ. ಅವುಗಳ ನೆರವಿನಿಂದ ಗಾಳಿಯು ಶ್ವಾಸಕೋಶದೊಳಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಹಳ್ಳದಿಂದ ಒಳಬಂದ ನೀರು ತೂಬಿನಿಂದ ಹೊರಹೋಗುವ ಕೆರೆಯಂತೆ ಈ ವ್ಯವಸ್ಥೆ. ಇನ್ನೊಂದು ವಿಶೇಷ: ಎತ್ತರದಲ್ಲಿ ನಾವು ವೇಗವಾಗಿ ಉಸಿರೆಳೆದರೆ ರಕ್ತದಲ್ಲಿ ಇಂಗಾಲಾಮ್ಲ ತಗ್ಗಿ, ಮಿದುಳಿನ ನಾಳಗಳು ಸಂಕುಚಿತವಾಗಿ ತಲೆ ಸುತ್ತುತ್ತದೆ. ಹಕ್ಕಿಗೆ ಈ ಬಾಧೆಯಿಲ್ಲ.

ಎರಡನೆಯ ಉತ್ತರ ಹೆಬ್ಬಾತಿನ ರಕ್ತದಲ್ಲಿದೆ. ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ವಸ್ತು ಅಣುಮಣಿಗಳ ಮಾಲೆಯಂತಿದೆ. ಈ ಮಾಲೆಯ 119ನೆಯ ಮಣಿಯೊಂದು ಇದರ ದಾಯಾದಿ ಬಾತುಗಳಲ್ಲಿರುವುದಕ್ಕಿಂತ ಬೇರೆಯಾಗಿದೆ. ಆ ಅಲ್ಪ ವ್ಯತ್ಯಾಸದಿಂದಲೇ ರಕ್ತವು ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿಯುತ್ತದೆಂದು ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್ 1983ರಲ್ಲಿ ವಿವರಿಸಿದರು. ಜೊತೆಗೆ ಇದರ ಶ್ವಾಸಕೋಶ ಹಿರಿದು, ಹಾರುವ ಸ್ನಾಯುಗಳಲ್ಲಿ ನವುರಾದ ರಕ್ತನಾಳಗಳ ಬಲೆ ದಟ್ಟ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೆಸಿಕಾ ಮೀರ್ ಎಂಬ ವಿಜ್ಞಾನಿ ಈ ಹಕ್ಕಿಯ ಮರಿಗಳನ್ನು ತಾಯಿಯಂತೆ ಸಾಕಿ, ಗಾಳಿಸುರಂಗದಲ್ಲಿ ಹಾರಲು ಕಲಿಸಿದರು. ಪ್ರಾಣವಾಯುವನ್ನು ಕಡಿಮೆ ಮಾಡಿದಾಗ ಹಕ್ಕಿಗಳು ದೇಹದ ವೆಚ್ಚವನ್ನೇ ತಗ್ಗಿಸಿದವು; ಹಿಂತಿರುಗುವ ರಕ್ತ ತಂಪಾಯಿತು; ತಂಪಾದ ರಕ್ತ ಪ್ರಾಣವಾಯುವನ್ನು ಹೆಚ್ಚು ಹೊರುತ್ತದೆ. ಈ ಫಲಿತಾಂಶ ಪ್ರಕಟವಾದ 2019ರಲ್ಲಿಯೇ ಆ ತಾಯಿ ಸ್ವತಃ ಅಂತರಿಕ್ಷಕ್ಕೆ ಹಾರಿದರು!

ಮೂರನೆಯ ಉತ್ತರ ಹಕ್ಕಿಯ ವಿವೇಕ. ಹೆಬ್ಬಾತುಗಳು ಎವರೆಸ್ಟಿನ ನೆತ್ತಿಯ ಮೇಲೆ ಹಾರುತ್ತವೆಂದು ಪರ್ವತಾರೋಹಿಗಳು ಬಹುಕಾಲ ಹೇಳುತ್ತಿದ್ದರು. ಉಪಗ್ರಹಗಳ ಸಹಾಯದಿಂದ ಹಿಂಬಾಲಿಸಿದಾಗ ಕಂಡದ್ದು ಬೇರೆ. ದಾಖಲಾದ ಅತ್ಯುನ್ನತ ಎತ್ತರ 7,290 ಮೀಟರು ನಿಜ. ಆದರೆ ಬಹುಪಾಲು ಹಾರಾಟ 5,500 ಮೀಟರಿನ ಕೆಳಗೆ. ಅವು ಶಿಖರಗಳನ್ನು ಬಿಟ್ಟು ಕಣಿವೆಗಳನ್ನು ಅರಸುತ್ತವೆ. ನೆಲ ಇಳಿದಂತೆ ತಾವೂ ಇಳಿದು, ಏರಿದಂತೆ ಮತ್ತೆ ಏರುತ್ತವೆ. ಗಳಿಸಿದ ಎತ್ತರವನ್ನು ಕಳೆದುಕೊಳ್ಳುವುದು ನಷ್ಟವೆಂದು ನಮಗೆ ತೋರಬಹುದು. ತೆಳುಗಾಳಿಯಲ್ಲಿ ಮೇಲೆಯೇ ಉಳಿಯುವುದು ಅದಕ್ಕಿಂತ ದುಬಾರಿ. ರಾತ್ರಿ ಮತ್ತು ನಸುಕಿನ ಹೊತ್ತನ್ನೇ ಅವು ಆರಿಸಿಕೊಳ್ಳುವುದು ಹೆಚ್ಚು. ಆಗ ಗಾಳಿ ತಣ್ಣಗೆ, ಸಾಂದ್ರವಾಗಿ, ಶಾಂತವಾಗಿರುತ್ತದೆ. ಹಂಸಗಳು ಕ್ರೌಂಚಪರ್ವತದ ರಂಧ್ರದ ಮೂಲಕ ಮಾನಸಕ್ಕೆ ಹೋಗುತ್ತವೆಂದು ಕಾಳಿದಾಸನು ಮೇಘದೂತದಲ್ಲಿ ಹೇಳಿದ್ದಾನೆ. ಕವಿಯ ಹಂಸ ಇದೇ ಹಕ್ಕಿಯೆಂದು ಹಟ ಹಿಡಿಯಬೇಕಾಗಿಲ್ಲ. ಹಕ್ಕಿ ದಾಟುವುದು ನೆತ್ತಿಯನ್ನಲ್ಲ, ಬಾಗಿಲನ್ನು ಎಂಬುದಂತೂ ಅವನಿಗೆ ತಿಳಿದಿತ್ತು.

ಇಷ್ಟೆಲ್ಲ ಗೆದ್ದು ಬಂದ ಹಕ್ಕಿಗೆ ಮಾಗಡಿಯಲ್ಲಿ ಬೇಕಾದದ್ದು ಎರಡೇ: ಹಗಲಿಗೆ ನಿರ್ಭಯವಾದ ನೀರು, ರಾತ್ರಿಗೆ ಮೇವು. ಮೇವೆಂದರೆ ರೈತರ ಹೊಲದ ಕಡಲೆ, ಶೇಂಗಾ. ಏರಿಯ ಮೇಲೆ ಭೇಟಿಯಾದ ವೃದ್ಧರೊಬ್ಬರನ್ನು “ಯಜಮಾನ್ರ, ನಿಮಗ ನಷ್ಟ ಆಗೂದಿಲ್ಲೇನ್ರೀ?” ಎಂದು ಕೇಳಿದೆ.

“ಆಗತೈತ್ರೀ ಸರ. ಹಂಗಂತ ಬೀಗರು ಮನಿಗೆ ಬಂದಾಗ ರೊಟ್ಟಿ ಎಣಸಾಕ ಆಗತೈತೇನ್ರೀ? ಅವು ಬಂದ ವರ್ಷ ಕೆರಿಯಾಗ ನೀರು ಐತಿ ಅಂತ ಅರ್ಥ. ನೀರಿಲ್ಲದ ವರ್ಷ ಅವೂ ಇಲ್ಲ, ನಮಗ ಬೆಳೀನೂ ಇಲ್ಲ” ಎಂದರು.

ಪಕ್ಕದಲ್ಲಿದ್ದ ತರುಣ ಒಪ್ಪಲಿಲ್ಲ. “ನಿಮಗ ನೋಡಾಕ ಚಂದ ರೀ ಸರ. ಸಾಲ ಮಾಡಿ ಬಿತ್ತಿದಾಂವಗ ಕೇಳ್ರಿ” ಎಂದು ನಕ್ಕ. ಆ ನಗೆಯಲ್ಲಿ ಕಹಿಯಿತ್ತು. ಇಬ್ಬರ ಮಾತೂ ನಿಜವೇ. ದಕ್ಷಿಣ ಭಾರತದಲ್ಲಿ ಈ ಹೆಬ್ಬಾತುಗಳ ದೊಡ್ಡ ಚಳಿಗಾಲದ ಬೀಡುಗಳಲ್ಲಿ ಒಂದೆಂದು ಮಾಗಡಿಗೆ ಕೀರ್ತಿ ಬಂದಿದೆ. ಆ ಕೀರ್ತಿಯ ಬೆಲೆಯಲ್ಲಿ ಒಂದು ಪಾಲನ್ನು ಕಡಲೆಯ ರೂಪದಲ್ಲಿ ತೆರುತ್ತಿರುವವರು ಈ ರೈತರು. ನೋಡುವ ಸಂತೋಷ ಊರೂರಿನವರದು. ಬಡಿಸುವ ಭಾರ ಒಂದೇ ಊರಿನದಾಗಬಾರದು.

ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿಗೆ ಹೋಗಲು ಒಳ್ಳೆಯ ಕಾಲ. ಗದಗಿನಲ್ಲಿ ತಂಗಿ, ಸೂರ್ಯೋದಯಕ್ಕೆ ಮುನ್ನ ಕೆರೆ ಸೇರುವುದು ಮೇಲು. ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಕೂಗಾಡದಂತೆ, ಕಲ್ಲೆಸೆಯದಂತೆ ಮೊದಲೇ ಹೇಳಿರಿ. ಬೆದರಿ ಎದ್ದ ಹಕ್ಕಿ ವ್ಯರ್ಥವಾಗಿ ಕಳೆಯುವ ಶಕ್ತಿ ಮರುಪ್ರಯಾಣಕ್ಕೆ ಕೂಡಿಟ್ಟದ್ದು. ಹತ್ತಿರದಿಂದ ನೋಡುವ ಆಸೆಗೆ ಹೊಲಗಳಲ್ಲಿ ಇಳಿದು ಪೈರನ್ನು ತುಳಿಯಬೇಡಿರಿ; ಹಕ್ಕಿ ತಿಂದು ಉಳಿಸಿದ ಕಡಲೆ ಅಲ್ಲಿ ಒಬ್ಬರ ವರ್ಷದ ಆದಾಯವಾಗಿ ನಿಂತಿದೆ.