ವಾರಿ ಲಾದಲ್ಲಿ ಹತ್ತು ಕಿಲೋ

ನೀವು ಬೆಂಗಳೂರಿನ ಪುಟ್ಟ ಡ್ರೋನ್ ಕಂಪನಿಯ ಒಡೆಯರು ಎಂದುಕೊಳ್ಳಿ. 2024ರ ಸೆಪ್ಟೆಂಬರ್. ಲೇಹ್ ಬಳಿಯ ವಾರಿ ಲಾದಲ್ಲಿ ಸೇನೆ ಕಂಪನಿಗಳನ್ನು ಕರೆಸಿ ಡ್ರೋನ್ ಹಾರಿಸಿ ನೋಡುತ್ತಿದೆ. ಬೆಳಗಿನಿಂದ ನಿಮ್ಮ ತಲೆ ಸಿಡಿಯುತ್ತಿದೆ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಜನರೇಟರಿನ ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುತ್ತದೆ. ಜಾಕೆಟ್ಟಿನೊಳಗೆ ಬ್ಯಾಟರಿಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡಿದ್ದೀರಿ. ಅದು ತಣ್ಣಗಾದರೆ ವೋಲ್ಟೇಜ್ ಕುಸಿಯುತ್ತದೆ.

"ಸರ್, ಎರಡು ಕೆಜಿ ಇಳಿಸ್ಬಿಡೋಣ್ವಾ?" ಪೈಲಟ್ ಹುಡುಗ ಪಿಸುಗುಟ್ಟುತ್ತಾನೆ.

ಅರ್ಜಿಯಲ್ಲಿ ಹೊರೆ ಹತ್ತು ಕೆಜಿ ಎಂದು ಬರೆದಿದ್ದೀರಿ. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಬೆಂಗಳೂರಿನದರ ಮೂರರಲ್ಲಿ ಎರಡು ಪಾಲಷ್ಟೇ. ಅದೇ ತೂಕ ಎತ್ತಲು ರೆಕ್ಕೆಗಳು ಇನ್ನೂ ಜೋರಾಗಿ ತಿರುಗಬೇಕು. ಇಳಿಸಿದರೆ ಮಾತು ತಪ್ಪಿದಂತೆ. ಇಳಿಸದಿದ್ದರೆ ಬೀಳಬಹುದು, ಇರುವುದು ಇದೊಂದೇ ಯಂತ್ರ. ಇದೇ ಯಂತ್ರ ನಾಳೆ ಹಳ್ಳಿಯ ಆಸ್ಪತ್ರೆಗೆ ಔಷಧ ಒಯ್ಯಬೇಕು ಎಂಬ ಆಸೆಯೂ ಉಂಟು. 2021ರಲ್ಲಿ ಗೌರಿಬಿದನೂರಿನಲ್ಲಿ ಅಂಥ ಹಾರಾಟದ ಪ್ರಯೋಗ ನಡೆದಾಗಿನಿಂದ ಇರುವ ಆಸೆ.

"ಬೇಡ. ಹತ್ತೇ ಇರಲಿ."

ಬ್ಯಾಟರಿ ಕೂರಿಸುವಾಗ ಲೋಹ ತಾಗಿ ಬೆರಳು ಚುರುಗುಟ್ಟುತ್ತದೆ. ಮೋಟರು ಕಿರುಚುತ್ತದೆ, ನಿಮ್ಮ ಕಿವಿಗೆ ಪರಿಚಯವಿರುವ ಸದ್ದಲ್ಲ ಅದು. ಧೂಳು ಕಣ್ಣಿಗೆ ನುಗ್ಗುತ್ತದೆ. ಡ್ರೋನ್ ಏಳುತ್ತದೆ. ತೂಗಾಡುತ್ತದೆ. ಮತ್ತೆ ಏಳುತ್ತದೆ. ಏಣಿನ ಅಂಚಿಗೆ ಬಂದಾಗ ಅಡ್ಡಗಾಳಿ ಬಡಿಯುತ್ತದೆ. ಪರದೆಯ ಮೇಲೆ ವೋಲ್ಟೇಜ್ ಇಳಿಯುತ್ತಿದೆ. ಪೈಲಟ್ಟಿನ ಬೆರಳು ವಾಪಸು ಕರೆಸುವ ಗುಂಡಿಯ ಮೇಲಿದೆ. ಕಣ್ಣು ನಿಮ್ಮ ಮೇಲೆ. ಬಾಯಿ ಒಣಗಿದೆ. "ಹೋಗ್ಲಿ."

ಹೊರೆ ಗುರುತಿನ ಹತ್ತಿರ ಬೀಳುತ್ತದೆ. ಡ್ರೋನ್ ಹಗುರಾಗಿ ಹಿಂದಿರುಗಿ, ಕಲ್ಲಿಗೆ ಬಡಿದು ಇಳಿಯುತ್ತದೆ. ಒಂದು ಕಾಲು ಮುರಿಯಿತು. ಅಧಿಕಾರಿ ಏನೋ ಬರೆದುಕೊಳ್ಳುತ್ತಾರೆ, ಮುಖದಲ್ಲಿ ಏನೂ ಕಾಣದು.

ಮುರಿದ ಕಾಲಿನ ಖರ್ಚು ನಿಮ್ಮದೇ. ಇಂಥ ಪರೀಕ್ಷೆಗಳ ಸಾಮಾನ್ಯ ಕರಾರೇ ಹಾಗೆ: ಸೇನೆ ಹಣ ಕೊಡುವುದಿಲ್ಲ, ಕೊಳ್ಳುವ ಮಾತನ್ನೂ ಕೊಡುವುದಿಲ್ಲ. 2018ರಲ್ಲಿ ಶುರುವಾದ ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯ ಮೂಲ ಸ್ಪರ್ಧೆಯಲ್ಲಿ ಗೆದ್ದವರಿಗೆ ಒಂದೂವರೆ ಕೋಟಿ ರೂಪಾಯಿವರೆಗೆ ಅನುದಾನವಿದೆ, ಆದರೆ ಅಷ್ಟೇ ಹಣವನ್ನು ಕಂಪನಿಯೂ ಹಾಕಬೇಕು. ರಕ್ಷಣಾ ಸಾಮಗ್ರಿಯ ಪರೀಕ್ಷಾ ಕೇಂದ್ರಗಳನ್ನು ಕಟ್ಟಲು 2020ರಲ್ಲಿ 400 ಕೋಟಿಯ ಯೋಜನೆ ಬಂತು. ವೆಚ್ಚದ ಮುಕ್ಕಾಲು ಪಾಲಿನವರೆಗೆ ಸರ್ಕಾರದ್ದು. ಒಳ್ಳೆಯದೇ. ಆದರೆ ಊರಿನ ಕೇಂದ್ರದ ಶೀತಲ ಪೆಟ್ಟಿಗೆಯಲ್ಲಿ ಚಳಿ ಸಿಗುತ್ತದೆ, ಈ ಅಡ್ಡಗಾಳಿ ಸಿಗುವುದಿಲ್ಲ.

ಅನುದಾನದ ಮೊತ್ತ ಏರಿಸುವುದು ಆಮೇಲಾಗಲಿ. ಮೊದಲು ಸಣ್ಣ ಕಂಪನಿಗಳು ಬೇಕಾದಾಗ ಬಂದು ಹಾರಿಸಲು, ಬೀಳಿಸಲು ಬೆಟ್ಟದ ಮೇಲೊಂದು ಕಾಯಂ ಜಾಗ ಕೊಡಿ. ಬಿದ್ದದ್ದರ ಖರ್ಚಿನಲ್ಲಿ ಅರ್ಧವನ್ನಾದರೂ ಸರ್ಕಾರ ಹೊರಲಿ.